‘ಕ್ಲಿಯರ್ ಅಪ್’ ಅಂದ್ರೆ ಅಂಗಡಿ ಖಾಲಿ ಮಾಡೋದಲ್ಲ: ಒಂದು ಮೆಸೇಜಿಗೆ ಹೋಯ್ತು ಎರಡು ದಿನದ ವ್ಯಾಪಾರ

ಕಲಬುರಗಿ: ‘ಪ್ಲೀಸ್ ಕ್ಲಿಯರ್ ಅಪ್ ದಿ ಸ್ಪೇಸ್ ಅಂಡರ್ ದಿ ಸ್ಟೇರ್‌ಕೇಸ್ ಬೈ ಮಂಡೇ.’ ವಾಟ್ಸ್‌ಆಪ್‌ಗೆ ಬಂದ ಈ ಒಂದೇ ಒಂದು ಸಾಲಿನಿಂದ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಮಹಿಳೆಯೊಬ್ಬರು ಎರಡು ದಿನದ ವ್ಯಾಪಾರ ಕಳಕೊಂಡಿದ್ದಾರೆ. ಮೆಸೇಜು ಕಳಿಸಿದವರು ಅವರನ್ನ ಹೋಗು ಅಂದಿರಲಿಲ್ಲ. ಇವರು ಹೋಗಿಬಿಟ್ಟಿದ್ದರು.

ನಡೆದದ್ದು ಇಷ್ಟು. ನಗರದ ಒಂದು ವ್ಯಾಪಾರಿ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಜಾಗಕ್ಕೆ ತಿಂಗಳಾ ಇಷ್ಟು ಅಂತ ಕೊಟ್ಟು ಆ ಅವ್ವ ಕೆಂಪು ಬಾಳೆಹಣ್ಣು ಮಾರತಾರೆ. ಕಮಲಾಪುರದ ಕೆಂಪು ಬಾಳೆ ಗೊತ್ತಲ್ಲ, ಜಿಐ ಟ್ಯಾಗ್ ಸಿಕ್ಕಿರೋ ಹಣ್ಣು. ಸಾದಾ ಬಾಳೆಹಣ್ಣಿಗಿಂತ ರೇಟ್ ಜಾಸ್ತಿ, ಹಾಗಾಗಿ ಒಂದು ದಿನ ಮಾರದೇ ಉಳಿದರೂ ಹೊಟ್ಟೆ ಉರಿಯೋ ಮಾಲು. ಕಟ್ಟಡದ ಮೆಸೇಜೆಲ್ಲ ಬರೋದು ಪಿಯುಸಿ ಓದೋ ಮಗನ ಫೋನಿಗೆ. ಶನಿವಾರ ಸಂಜೆ ಬಂದ ಮೆಸೇಜನ್ನ ಹುಡುಗ ಓದಿದ, ಪೂರ್ತಿ ಗೊತ್ತಾಗಲಿಲ್ಲ, ಫೋನಿನಲ್ಲೇ ಅನುವಾದಕ್ಕೆ ಹಾಕಿದ. ‘ಸೋಮವಾರದೊಳಗೆ ಮೆಟ್ಟಿಲ ಕೆಳಗಿನ ಜಾಗ ತೆರವುಗೊಳಿಸಿ’ ಅಂತ ಬಂತು.

ತೆರವು ಅಂದ ಮೇಲೆ ಇನ್ನೇನು ಕೇಳೋದು. ಭಾನುವಾರ ತಾಯಿ ಮಗ ಇಬ್ಬರೂ ಕ್ರೇಟು, ತಕ್ಕಡಿ, ಮ್ಯಾಲೆ ಕಟ್ಟಿದ ತಾಡಪತ್ರಿ ಎಲ್ಲ ಬಿಚ್ಚಿ ಟೆಂಪೊಗೆ ಹಾಕಿ ಊರಿಗೆ ಹೋದರು. ಹಣ್ಣನ್ನ ಕಮಲಾಪುರದ ರೋಡಿನ ಬಾಜು ಇಟ್ಟು ಸಿಕ್ಕ ರೇಟಿಗೆ ಕೊಟ್ಟರು. ಸೋಮವಾರ ಮನೆ, ಮಂಗಳವಾರ ಮನೆ. ಮಂಗಳವಾರ ಮಧ್ಯಾಹ್ನ ಕಟ್ಟಡದ ಮ್ಯಾನೇಜರ್ ಫೋನು ಬಂತು.

‘ಯಾಕವ್ವಾ, ಎರಡ ದಿನ ಆಯ್ತು, ಬರ್ಲೇ ಇಲ್ಲಲ್ಲ?’

‘ನೀವೇ ಖಾಲಿ ಮಾಡು ಅಂದ್ರಲ್ರೀ ಸಾಹೇಬ್ರ.’

‘ನಾ ಯಾವಾಗ ಅಂದೆ? ಖಾಲಿ ಡಬ್ಬಿ ಎತ್ತಿ ಚಂದ ಇಟ್ಕೋ ಅಂದೀನಿ. ಮೀಟರ್ ಬೋರ್ಡ್ ಕಡೆ ಹೋಗಾಕ ಜಾಗಾನ ಇಲ್ಲ ಅಲ್ಲಿ.’

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಮ್ಯಾನೇಜರ್ ಬರೆದ ಇಂಗ್ಲಿಷ್ ಸರಿಯಾಗೇ ಇದೆ. ಹುಡುಗ ಓದಿದ್ದೂ ಒಂದು ಲೆಕ್ಕಕ್ಕೆ ತಪ್ಪಲ್ಲ. ನಡುವೆ ಕೈ ಕೊಟ್ಟಿದ್ದು ‘ಅಪ್’ ಅನ್ನೋ ಎರಡಕ್ಷರ.

ಅಪ್ ಬೇರೆ, ಔಟ್ ಬೇರೆ

‘ಕ್ಲಿಯರ್’ ನಮಗೆ ಹೊಸ ಶಬ್ದ ಏನಲ್ಲ. ಬಿಲ್ ಕ್ಲಿಯರ್, ಚೆಕ್ ಕ್ಲಿಯರ್, ರೋಡ್ ಕ್ಲಿಯರ್, ಪೇಪರ್ ಕ್ಲಿಯರ್. ಅಡ್ಡ ಇರೋದು ಹೋಯಿತು ಅನ್ನೋದು ಎಲ್ಲದರ ಅರ್ಥ. ಆದರೆ ಇಂಗ್ಲಿಷಿನವರು ಇದರ ಹಿಂದೆ ಒಂದು ಚಿಕ್ಕ ಶಬ್ದ ಸೇರಿಸಿದ ಕೂಡಲೇ ಅರ್ಥ ಬೇರೆ ದಾರಿ ಹಿಡಿಯುತ್ತೆ. ಇಂಥ ಜೋಡಿಗೆ ಅವರ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಅಂತಾರೆ. ಕಾಲೇಜಿನಲ್ಲಿ ಇದನ್ನ ಉದ್ದನೆ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತಿದ್ದರು. ನನಗೆ ಆಗ ಒಂದೂ ತಲೆಗೆ ಹತ್ತಲಿಲ್ಲ, ಅದು ಬೇರೆ ಕಥೆ.

‘ಕ್ಲಿಯರ್ ಅಪ್’ ಅಂದರೆ ಹರಡಿ ಬಿದ್ದಿರೋದನ್ನ ಎತ್ತಿ ಜಾಗ ಚೊಕ್ಕ ಮಾಡೋದು. ಮಾಡಿದ ಮೇಲೂ ನೀವು ಅಲ್ಲೇ ಇರತೀರಿ. ಅಂಗಡಿ ಅಲ್ಲೇ ಇರುತ್ತೆ. ಹೋಗೋದು ಕಸ, ಖಾಲಿ ಪೆಟ್ಟಿಗೆ, ಹಳೇ ರದ್ದಿ ಮಾತ್ರ.

‘ಕ್ಲಿಯರ್ ಔಟ್’ ಅಂದರೆ ಒಳಗಿರೋದನ್ನ ಹೊರಗೆ ಹಾಕೋದು. ಇದರಲ್ಲಿ ಇನ್ನೊಂದು ತಿರುವು ಇದೆ, ಗೋಡೌನ್ ಬಾಡಿಗೆಗೆ ಹಿಡಿದವರು ಇದನ್ನ ನೆನಪಿಟ್ಟುಕೊಳ್ಳಬೇಕು. ‘ಕ್ಲಿಯರ್ ಔಟ್ ದಿ ಗೋಡೌನ್’ ಅಂತ ಬರೆದಿದ್ದರೆ ಗೋಡೌನಿನಲ್ಲಿರೋ ಬೇಡದ ಸಾಮಾನೆಲ್ಲ ತೆಗೆದು ಹಾಕು ಅಂತ. ‘ಕ್ಲಿಯರ್ ಔಟ್ ಆಫ್ ದಿ ಗೋಡೌನ್’ ಅಂತಿದ್ದರೆ ನೀನೇ ಗೋಡೌನ್ ಬಿಟ್ಟು ಹೊರಡು ಅಂತ. ನಡುವೆ ‘ಆಫ್’ ಒಂದೇ ಹೆಚ್ಚಿಗೆ. ಮೊದಲನೇದರಲ್ಲಿ ಸಾಮಾನು ಹೊರಗೆ ಹೋಗುತ್ತೆ, ಎರಡನೇದರಲ್ಲಿ ಮನುಷ್ಯ ಹೋಗತಾನೆ.

‘ಕ್ಲಿಯರ್ ಆಫ್’ ಅನ್ನೋದು ಮನುಷ್ಯನಿಗೆ ಅಂದರೆ ಬೈಗುಳದ ಸಮ, ‘ಹೋಗಲೇ ಅತ್ತಾಗ’ ಅಂದಂಗೆ. ಅದೇ ಶಬ್ದ ಸಾಲಕ್ಕೆ ಹಚ್ಚಿದರೆ ಉದ್ರಿ ಪೂರ್ತಿ ತೀರಿಸೋದು. ಇನ್ನು ‘ಕ್ಲಿಯರ್ ಅವೇ’ ಅಂದರೆ ಖಾನಾವಳಿಯಲ್ಲಿ ಊಟ ಆದ ಮೇಲೆ ಹುಡುಗ ತಾಟು, ವಾಟಗಾ ಎತ್ತಿಕೊಂಡು ಒಳಗೆ ಹೋಗತಾನಲ್ಲ, ಆ ಕೆಲಸ.

ಅವ್ವನ ಮೆಸೇಜಿನಲ್ಲಿ ಇದ್ದದ್ದು ಅಪ್. ಔಟ್ ಇರಲಿಲ್ಲ.

‘ತೆರವು’ ಶಬ್ದದ ತೂಕ

ಹಾಗಾದರೆ ಫೋನಿನಲ್ಲಿ ‘ತೆರವುಗೊಳಿಸಿ’ ಅಂತ ಯಾಕೆ ಬಂತು? ಡಿಕ್ಷನರಿ ಲೆಕ್ಕದಲ್ಲಿ ಅದೂ ನಡೆಯುತ್ತೆ. ತೆರವು ಅಂದರೆ ತೆರೆದ ಜಾಗ, ಖಾಲಿ ಜಾಗ. ಅಡ್ಡ ಇರೋದನ್ನ ತೆಗೆದರೆ ಜಾಗ ತೆರವಾಗುತ್ತೆ.

ಆದರೆ ಬಜಾರಿನಲ್ಲಿ ಕೂತವನಿಗೆ ಡಿಕ್ಷನರಿ ಗೊತ್ತಿಲ್ಲ, ಪೇಪರ್ ಗೊತ್ತು. ಪೇಪರಿನಲ್ಲಿ ತೆರವು ಬರೋದು ಯಾವಾಗ? ‘ಒತ್ತುವರಿ ತೆರವು’, ‘ಫುಟ್‌ಪಾತ್ ಅಂಗಡಿ ತೆರವು’, ‘ತೆರವು ಕಾರ್ಯಾಚರಣೆಗೆ ಪೊಲೀಸ್ ಬಂದೋಬಸ್ತ್’. ಇಲ್ಲಾಂದರೆ ಎಂಎಲ್‌ಎ ಸೀಟು ಖಾಲಿ ಆದಾಗ. 2019ರಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿಯಲ್ಲಿ ಉಪಚುನಾವಣೆ ಆಯಿತು, ಆಗ ‘ತೆರವಾದ ಸ್ಥಾನ’ ಅಂತಲೇ ಬರೀತಿದ್ದರು. ಒಟ್ಟಿನಲ್ಲಿ ತೆರವು ಅಂದರೆ ಯಾರೋ ಒಬ್ಬರು ಹೋದರು ಅಂತಲೇ ನಮ್ಮ ಜನರ ತಲೆಯಲ್ಲಿ ಕೂತಿದೆ. ಜೆಸಿಬಿ ಚಿತ್ರ ಕಣ್ಣ ಮುಂದೆ ಬರುತ್ತೆ. ಈ ಶಬ್ದವನ್ನ ಹಿಂಗೆ ಬಳಸಿ ಬಳಸಿ ಕೂಡಿಸಿದವರು ಸುದ್ದಿ ಬರೆಯೋ ನಾವೇ, ಅದನ್ನೂ ಒಪ್ಪಿಕೊಳ್ಳಬೇಕು.

ಅದೇ ಮೆಸೇಜು ನಮ್ಮ ಬಾಯಿಮಾತಿನಲ್ಲಿ ಬಂದಿದ್ದರೆ ಗೊಂದಲಕ್ಕೆ ಜಾಗವೇ ಇರಲಿಲ್ಲ. ನಮ್ಮ ಕಡೆ ‘ಹಸನ ಮಾಡು’ ಅಂದರೆ ಒಂದು, ‘ಖಾಲಿ ಮಾಡು’ ಅಂದರೆ ಇನ್ನೊಂದು. ಸಣ್ಣ ಮಗುವೂ ತಪ್ಪಲ್ಲ. ಬಜಾರಿನ ದಖನಿ ಉರ್ದುವಿನಲ್ಲೂ ‘ಸಾಫ್ ಕರೋ’ ಬೇರೆ, ‘ಖಾಲಿ ಕರೋ’ ಬೇರೆ. 1948ರ ತನಕ ನಿಜಾಮನ ರಾಜ್ಯದಲ್ಲಿದ್ದ ಊರು ನಮ್ಮದು, ದಫ್ತರದ ಭಾಷೆ ಉರ್ದು ಇತ್ತು. ಆ ಕಾಲದ ಸಫಾಯಿ, ಖಾಲಿ, ಬಂದೋಬಸ್ತ್ ಇವತ್ತಿಗೂ ಎಲ್ಲರ ಬಾಯಲ್ಲಿವೆ, ಯಾರಿಗೂ ಅನುವಾದ ಬೇಕಿಲ್ಲ.

‘ಹಸನ’ ಅನ್ನೋ ಶಬ್ದ ಇನ್ನೂ ಚಂದ. ಜ್ವಾಳ ಹಸನ ಮಾಡ್ತೀವಿ, ತೊಗರಿ ಹಸನ ಮಾಡ್ತೀವಿ. ಮೊರದಲ್ಲಿ ಹಾಕಿ ಕೇರಿ, ಹಳ್ಳು ಕಲ್ಲು ಆರಿಸಿ, ಕಾಳು ಉಳಿಸಿಕೊಳ್ಳೋದು. ಹಸನ ಮಾಡು ಅಂದರೆ ಕಾಳು ಚೆಲ್ಲು ಅಂತ ಯಾರೂ ತಿಳಿಯಲ್ಲ. ಬೇಡದ್ದು ಹೋಗಬೇಕು, ಬೇಕಾದ್ದು ಉಳೀಬೇಕು. ‘ಕ್ಲಿಯರ್ ಅಪ್’ಗೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಕಾಣಲ್ಲ. ಮೆಟ್ಟಿಲ ಕೆಳಗೆ ಡಬ್ಬಿ ಹಳ್ಳು ಕಲ್ಲು, ಅವ್ವ ಕಾಳು.

ಅಪ್ ಅಲ್ಲಿ ಮಾಡೋ ಕೆಲಸ ಏನು

ಅಪ್ ಅಂದರೆ ಮೇಲೆ ಅಂತ ಶಾಲೆಯಲ್ಲಿ ಕಲಿಸಿದ್ದಾರೆ. ಕ್ಲಿಯರ್ ಅಪ್‌ನಲ್ಲಿ ಮೇಲೆ ಏನೂ ಇಲ್ಲ. ಇಲ್ಲಿ ಅಪ್ ಅಂದರೆ ‘ಪೂರ್ತಿ’, ‘ಮುಗಿಯೋ ತನಕ’. ಈಟ್ ಅಪ್ ಅಂದರೆ ತಾಟಿನಲ್ಲಿ ಏನೂ ಬಿಡದಂಗೆ ತಿನ್ನು. ಯೂಸ್ ಅಪ್ ಅಂದರೆ ಇರೋದೆಲ್ಲ ಬಳಸಿ ಮುಗಿಸು.

ನಮಗೆ ಇದು ಕಷ್ಟ ಆಗಬಾರದು, ಯಾಕಂದರೆ ಕನ್ನಡದಲ್ಲೂ ಇದೇ ಆಟ ಇದೆ. ನಾವು ‘ಬಿಡು’ ಹಚ್ಚತೀವಿ, ‘ಹಾಕು’ ಹಚ್ಚತೀವಿ, ‘ಇಡು’ ಹಚ್ಚತೀವಿ. ‘ತಿನ್ನು’ ಅಂದರೆ ಒಂದು, ‘ತಿಂದುಬಿಡು’ ಅಂದರೆ ಮುಗಿಸೇ ಏಳು ಅಂತ. ತಿಂದುಬಿಡು ಅಂದಾಗ ಅರ್ಧ ತಿಂದು ಬಿಟ್ಟು ಹೋಗು ಅಂತ ಯಾರಾದರೂ ತಿಳೀತಾರೇನು? ‘ಎತ್ತು’ ಅಂದರೆ ಎತ್ತೋದಷ್ಟೇ, ‘ಎತ್ತಿಡು’ ಅಂದರೆ ಅದರ ಜಾಗಕ್ಕೆ ಇಡೋ ತನಕ ಕೆಲಸ. ‘ಒಗೆ’ ಬೇರೆ, ‘ಒಗೆದುಹಾಕು’ ಬೇರೆ. ಹಿಂದೆ ಬರೋ ಬಾಲ ಅದರ ಸ್ವಂತ ಅರ್ಥ ಬಿಟ್ಟು ಮುಂದಿನ ಕೆಲಸದ ಅಳತೆ ಹೇಳುತ್ತೆ. ಇಂಗ್ಲಿಷಿನ ಅಪ್ ಕೂಡ ಅಂಥದೇ ಬಾಲ.

ಒಂದು ವ್ಯತ್ಯಾಸ ಇದೆ. ಕನ್ನಡದ ಬಾಲ ಅಂಟಿಕೊಂಡೇ ಇರುತ್ತೆ. ಇಂಗ್ಲಿಷಿನ ಬಾಲ ದೂರ ಹೋಗಿ ಕೂರಬಹುದು. ‘ಕ್ಲಿಯರ್ ಅಪ್ ದಿ ಶಾಪ್’ ಅಂತಲೂ ಬರೀತಾರೆ, ‘ಕ್ಲಿಯರ್ ದಿ ಶಾಪ್ ಅಪ್’ ಅಂತಲೂ ಬರೀತಾರೆ. ‘ಇಟ್’ ಬಂದರೆ ನಡುವೆಯೇ ಬರಬೇಕು: ‘ಕ್ಲಿಯರ್ ಇಟ್ ಅಪ್’. ‘ಕ್ಲಿಯರ್ ಅಪ್ ಇಟ್’ ಅಂತ ಬರೆದರೆ ತಪ್ಪು. ಓದೋರಿಗೆ ಇದರಿಂದ ಏನು ಅಂದರೆ, ಕ್ಲಿಯರ್ ಕಂಡ ಕೂಡಲೇ ಅಲ್ಲಿಗೇ ನಿಲ್ಲಬೇಡಿ. ಸಾಲಿನ ಕೊನೆ ತನಕ ಹೋಗಿ. ಅಲ್ಲಿ ಅಪ್ ಕೂತಿದೆಯೋ ಔಟ್ ಕೂತಿದೆಯೋ ನೋಡಿ. ಬರೀ ‘ಕ್ಲಿಯರ್ ದಿ ಶಾಪ್’ ಅಂತ ಬಾಲ ಇಲ್ಲದೆ ಬಂದರೆ ಮಾತ್ರ ಹೆದರೋದಕ್ಕೆ ಕಾರಣ ಇದೆ, ಅದು ಖಾಲಿ ಮಾಡು ಅಂತಲೂ ಆಗಬಹುದು. ಆಗ ಫೋನ್ ಮಾಡಿ ಕೇಳಲೇಬೇಕು.

ಟೈಡಿ ಅಪ್, ಕ್ಲೀನ್ ಅಪ್

ಇದೇ ಮನೆತನದ ಇನ್ನೆರಡು ಶಬ್ದ ಅಂಗಡಿಯವರಿಗೆ ಬರತಾನೇ ಇರತಾವೆ. ಕಿರಾಣಿ ಅಂಗಡಿ ತಗೊಳ್ಳಿ. ಸೋಪಿನ ಸಾಲಿನಲ್ಲಿ ಬಿಸ್ಕಿಟ್ ಪುಡಿಕೆ, ಬಿಸ್ಕಿಟ್ ಸಾಲಿನಲ್ಲಿ ಊದಬತ್ತಿ ಸೇರಿಕೊಂಡಿದೆ. ಯಾವುದರ ಜಾಗಕ್ಕೆ ಅದನ್ನ ಇಡೋದು ಟೈಡಿ ಅಪ್. ಇದಕ್ಕೆ ನೀರು ಬೇಡ, ಕಸಬರಿಗೆಯೂ ಬೇಡ. ಎಣ್ಣೆ ಚೆಲ್ಲಿದೆ, ಕೌಂಟರ್ ಜಿಡ್ಡು ಹಿಡಿದಿದೆ, ಅದನ್ನ ಒರೆಸಿ ತೊಳೆಯೋದು ಕ್ಲೀನ್ ಅಪ್. ಬಾಗಿಲಿಗೆ ಅಡ್ಡ ಖಾಲಿ ರಟ್ಟಿನ ಡಬ್ಬಿ ಬಿದ್ದಾವೆ, ಗಿರಾಕಿಗೆ ಕಾಲಿಡೋಕೆ ಜಾಗ ಇಲ್ಲ, ಅವನ್ನ ತೆಗೆಯೋದು ಕ್ಲಿಯರ್ ಅಪ್. ಗೆರೆ ಕೊರೆದಂಗೆ ಬೇರೆ ಇಲ್ಲ, ಒಂದರ ಜಾಗದಲ್ಲಿ ಇನ್ನೊಂದು ಬಳಸತಾರೆ. ಅಮೆರಿಕದವರಂತೂ ಹೆಚ್ಚಾಗಿ ಕ್ಲೀನ್ ಅಪ್ ಅಂತಲೇ ಅನ್ನೋದು, ಕ್ಲಿಯರ್ ಅಪ್ ಅನ್ನೋ ರೂಢಿ ಬ್ರಿಟಿಷರ ಕಡೆ ಜಾಸ್ತಿ.

ಕ್ಲೀನ್ ಅಪ್ ಅಂದರೆ ನಮ್ಮ ಊರಲ್ಲಿ ಮೊದಲು ನೆನಪಾಗೋದು ಬ್ಯೂಟಿ ಪಾರ್ಲರ್. ಫೇಶಿಯಲ್‌ಗಿಂತ ಕಡಿಮೆ ರೇಟಿನ ಮುಖ ತೊಳೆಯೋ ಐಟಂ. ಅದು ನಮ್ಮ ದೇಶದ ಇಂಗ್ಲಿಷಿನ ರೂಢಿ, ತಪ್ಪೇನಲ್ಲ.

ವ್ಯಾಪಾರಸ್ಥರಿಗೆ ಮಜಾ ಅನಿಸೋದು ಇದು. ‘ದೀಪಾವಳಿಗೆ ಆತ ಕ್ಲೀನ್ಡ್ ಅಪ್’ ಅಂದರೆ ಭಾರೀ ದುಡ್ಡು ಹೊಡೆದ ಅಂತ. ‘ಕ್ಲೀನ್ಡ್ ಔಟ್’ ಅಂದರೆ ಕೈಯಲ್ಲಿ ಒಂದು ರೂಪಾಯಿ ಉಳೀಲಿಲ್ಲ ಅಂತ. ನಮ್ಮಲ್ಲಿ ‘ಅಂಗಡಿ ಸಾಫ್ ಆಯ್ತು’ ಅಂದರೆ ಕಳ್ಳರು ಬಂದಿದ್ದರೇನೋ ಅಂತ ಓಡಿ ಬರತಾರೆ. ಇಲ್ಲೂ ನೋಡ್ರಿ, ಅಪ್ ಇದ್ದರೆ ಲಾಭ, ಔಟ್ ಇದ್ದರೆ ದಿವಾಳಿ.

ಕ್ಲಿಯರ್ ಅಪ್ ಬೇರೆ ಕಡೆಯೂ ಕಾಣುತ್ತೆ. ಮೋಡ ಸರಿದು ಬಿಸಿಲು ಬಿದ್ದರೆ ‘ವೆದರ್ ಕ್ಲಿಯರ್ಡ್ ಅಪ್’. ಮೊಡವೆ ಹೋದರೂ ಅದೇ ಶಬ್ದ. ತಪ್ಪು ತಿಳುವಳಿಕೆ ಬಗೆಹರಿದರೂ ಅದೇ. ಮಂಗಳವಾರ ಫೋನಿನಲ್ಲಿ ಮ್ಯಾನೇಜರ್ ಮತ್ತು ಅವ್ವ ಮಾಡಿಕೊಂಡದ್ದು ಆ ಕ್ಲಿಯರ್ ಅಪ್.

ನಿಜವಾಗಲೂ ಬಿಡಿಸೋದಿದ್ದರೆ

ಉಲ್ಟಾ ಆದರೆ ಇನ್ನೂ ಕಷ್ಟ. ಖಾಲಿ ಮಾಡು ಅಂತ ಬಂದದ್ದನ್ನ ಕಸ ಹೊಡೆದು ಇಡು ಅಂತ ತಿಳಿದು ಸುಮ್ಮನೆ ಕೂತರೆ ವಾಯಿದೆ ಮೀರಿ ಹೋಗುತ್ತೆ. ಹಾಗಾಗಿ ಇದೊಂದು ತಿಳಿದಿರಲಿ. ವಕೀಲರ ಕಡೆಯಿಂದ ಬರೋ ನೋಟಿಸಿನಲ್ಲಿ ಸಾಮಾನ್ಯವಾಗಿ ಕ್ಲಿಯರ್ ಅಪ್, ಕ್ಲಿಯರ್ ಔಟ್ ಅನ್ನೋ ಮಾತಿನ ಇಂಗ್ಲಿಷ್ ಇರಲ್ಲ. ಅಲ್ಲಿ ‘ವೆಕೇಟ್’ ಇರುತ್ತೆ, ‘ಕ್ವಿಟ್’ ಇರುತ್ತೆ, ‘ಎವಿಕ್ಷನ್’ ಇರುತ್ತೆ. ಈ ಮೂರರಲ್ಲಿ ಒಂದು ಕಂಡರೂ ಜಾಗ ಬಿಡೋ ಮಾತು ಅಂತ ತಿಳೀರಿ, ಆವತ್ತೇ ಯಾರಿಗಾದರೂ ತೋರಿಸಿ.

ತಿಂಗಳ ಬಾಡಿಗೆಗೆ ಇರೋ ಮಳಿಗೆಯವರಿಗೆ, ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲ ಅಂದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಬೀದಿ ಬದಿ ವ್ಯಾಪಾರಿಗಳದ್ದು ಬೇರೆ ಕಾನೂನು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 18ನೇ ಕಲಂನಲ್ಲಿ, ವ್ಯಾಪಾರ ಪ್ರಮಾಣಪತ್ರ ಇರೋರನ್ನ ಅದರಲ್ಲಿ ನಮೂದಿಸಿದ ಜಾಗದಿಂದ ಎಬ್ಬಿಸಬೇಕಾದರೆ ಸ್ಥಳೀಯ ಸಂಸ್ಥೆ 30 ದಿನ ಮುಂಚೆ ನೋಟಿಸ್ ಕೊಡಬೇಕು ಅಂತಿದೆ. ಪ್ರಮಾಣಪತ್ರ ಮಾಡಿಸದೇ ಇರೋರು ಮೊದಲು ಅದನ್ನ ಮಾಡಿಸಿಕೊಳ್ಳೋದು ಒಳ್ಳೇದು. ಶನಿವಾರ ಸಂಜೆ ಮೆಸೇಜು, ಸೋಮವಾರಕ್ಕೆ ಖಾಲಿ ಅನ್ನೋದು ಈ ಎರಡರಲ್ಲಿ ಯಾವುದಕ್ಕೂ ಕೂಡಲ್ಲ. ಅಷ್ಟು ಕಡಿಮೆ ವಾಯಿದೆ ಕಂಡಾಗಲೇ, ಇದು ಸಾಮಾನು ಎತ್ತಿಡೋ ಮಾತಿರಬಹುದಾ ಅಂತ ಒಮ್ಮೆ ಅನುಮಾನ ಬರಬೇಕಿತ್ತು.

ಸಾಮಾನು ಎತ್ತಿಡು ಅನ್ನೋ ಮೆಸೇಜೂ ಹಗುರ ಅಂತಲ್ಲ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಬೀದಿ ವ್ಯಾಪಾರಿ ತನ್ನ ವ್ಯಾಪಾರದ ಕಸಕ್ಕೆ ಡಬ್ಬಿ ಇಟ್ಟುಕೊಳ್ಳಬೇಕು ಅಂತ ಬರೆದಿತ್ತು. ಬಾಳೆ ದಿಂಡು, ಒಣ ಎಲಿ, ಹುಲ್ಲು ಮೆಟ್ಟಿಲ ಕೆಳಗೆ ಮೀಟರ್ ಬೋರ್ಡಿನ ಬಾಜು ಒಟ್ಟಿದರೆ ಬೆಂಕಿಗೂ ದಾರಿ. ಮ್ಯಾನೇಜರ್ ಹೇಳಿದ್ದರಲ್ಲಿ ನ್ಯಾಯ ಇತ್ತು. ಕನ್ನಡದಲ್ಲಿ ಹೇಳಬೇಕಿತ್ತು ಅಷ್ಟೇ. ಅಂಗಡಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಬೋರ್ಡೆಲ್ಲ ಬದಲಾದವು. ಆ ಬೋರ್ಡಿನ ಕೆಳಗೆ ಕೂತವರಿಗೆ ಬರೋ ವಾಟ್ಸ್‌ಆಪ್ ಇನ್ನೂ ಇಂಗ್ಲಿಷಿನಲ್ಲೇ ಇದೆ.

ಕಟ್ಟಡದ ಮಾಲೀಕರು, ಮ್ಯಾನೇಜರ್‌ಗಳು ಇದನ್ನ ಓದುತ್ತಿದ್ದರೆ ಒಂದು ವಿನಂತಿ. ‘ಖಾಲಿ ಡಬ್ಬಿ ತೆಗೀರಿ, ಮೀಟರ್ ಹತ್ರ ಜಾಗ ಬಿಡ್ರಿ’ ಅಂತ ಟೈಪ್ ಮಾಡೋಕೆ ಬರದೇ ಇದ್ದರೆ ವಾಯ್ಸ್ ಮೆಸೇಜ್ ಹಾಕ್ರಿ. ಅಂಗಡಿಯವರೂ ಅಷ್ಟೇ, ತಿಳೀಲಿಲ್ಲ ಅಂದರೆ ಸಾಮಾನು ಕಟ್ಟೋ ಮುಂಚೆ ‘ಸಾಹೇಬ್ರ, ಹಸನ ಮಾಡೋದಾ, ಖಾಲಿ ಮಾಡೋದಾ?’ ಅಂತ ಒಂದು ಸಾಲು ವಾಪಸ್ ಕಳಿಸ್ರಿ. ಕೇಳಿದರೆ ಸಣ್ಣವರಾಗಲ್ಲ. ಆ ಹುಡುಗ ಕೇಳದೇ ಇದ್ದದ್ದು ನಾಚಿಕೆಯಿಂದ. ಪಿಯುಸಿ ಓದೋನಿಗೆ ಇಷ್ಟೂ ಬರಲ್ಲ ಅಂತಾರೆ ಅಂತ. ಆ ನಾಚಿಕೆ ನನಗೂ ಗೊತ್ತು.

ಬುಧವಾರ ಬೆಳಿಗ್ಗೆ ತಾಯಿ ಮಗ ವಾಪಸ್ ಬಂದರು. ಡಬ್ಬಿ ಎಲ್ಲ ಒಂದರ ಮೇಲೊಂದು ಇಟ್ಟು ಗ್ವಾಡಿಗೆ ಹಚ್ಚಿದ್ದಾರೆ, ಮೀಟರ್ ಬೋರ್ಡಿಗೆ ದಾರಿ ಆಗಿದೆ. ಟೆಂಪೊ ಬಾಡಿಗೆ ಎರಡು ಸಲದ್ದು ಹೋಯಿತು. ಕಡಿಮೆ ರೇಟಿಗೆ ಕೊಟ್ಟ ಹಣ್ಣಿನ ಲೆಕ್ಕ ಅವ್ವ ಇನ್ನೂ ಮಾಡಿಲ್ಲ, ‘ಬಿಡಪ್ಪಾ, ಯಾಕ ನೆನಸೋದು’ ಅಂದರು.

ಹುಡುಗನಿಗೆ ನನ್ನ ನಂಬರ್ ಕೊಟ್ಟು ಬಂದಿದ್ದೆ. ಮೊನ್ನೆ ರಾತ್ರಿ ಎಂಟೂವರೆಗೆ ಫೋನ್ ಮಾಡಿದ, ದನಿಯಲ್ಲಿ ಗಾಬರಿ. ‘ಅಣ್ಣಾ, ಗ್ರೂಪಿನ್ಯಾಗ ಮತ್ತ ಮೆಸೇಜ್ ಬಂದದ. ಆಲ್ ಶಾಪ್ಸ್ ಪ್ಲೀಸ್ ವೈಂಡ್ ಅಪ್ ಬೈ ನೈನ್ ಅಂತ. ಫೋನಿನ್ಯಾಗ ನೋಡಿದ್ರ ಕಂಪನಿ ಮುಚ್ಚೋದು ಅಂತ ತೋರಸ್ಲಿಕತ್ತದ.’

ಒಂಬತ್ತಕ್ಕ ಬಾಗಲಾ ಹಾಕ್ಕೊಂಡು ಮನೀಗಿ ಹೋಗ್ರಿ, ನಾಳೆ ಮತ್ತ ಬರ್ರಿ ಅಂತಪ್ಪಾ ಅದು ಅಂದೆ.